ಕೆಲಸ ಬಿಟ್ಟವರ ಫೋಲ್ಡರು ಹೊಸಬರ ಹೆಸರಿಗೆ ಬಂದದ್ದು ಹೇಗೆ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಡಿಸೈನ್ ಮತ್ತು ಪ್ರಿಂಟಿಂಗ್ ಆಫೀಸು. ಒಂದು ಉಬುಂಟು ಸರ್ವರ್ ಇಟ್ಟುಕೊಂಡಿದ್ದೇವೆ. ಎಲ್ಲರಿಗೂ ಅದರಲ್ಲಿ ಅಕೌಂಟ್ ಇದೆ, ಜೊತೆಗೆ ಸಾಂಬಾ ಮೂಲಕ ಒಂದು ಶೇರ್ಡ್ ಫೋಲ್ಡರ್. ಒಟ್ಟು 14 ಅಕೌಂಟ್ ಇದ್ದವು, ಅದರಲ್ಲಿ 5 ಜನ ಕೆಲಸ ಬಿಟ್ಟಿದ್ದಾರೆ. ಡಿಸ್ಕ್ ಶೇ. 92 ತುಂಬಿದೆ. ಹೋದ ತಿಂಗಳು ಒಬ್ಬ ಹಳೇ ಡಿಸೈನರ್‌ನ ಅಕೌಂಟನ್ನು ಡೆಲ್‌ಯೂಸರ್ ಕಮಾಂಡ್ ಕೊಟ್ಟು ತೆಗೆದೆ. ಹೋಮ್ ಫೋಲ್ಡರ್ ಮಾತ್ರ ಹಾಗೇ ಉಳಿಯಿತು. ಎರಡು ವಾರ ಬಿಟ್ಟು ಹೊಸದಾಗಿ ಸೇರಿದ ಹುಡುಗಿಗೆ ಆಡ್‌ಯೂಸರ್ ಕೊಟ್ಟು ಅಕೌಂಟ್ ಮಾಡಿದೆ. ಮೊನ್ನೆ ನೋಡಿದರೆ ಹಳೇ ಡಿಸೈನರ್‌ನ ಫೋಲ್ಡರಿಗೆ ಓನರ್ ಅಂತ ಈ ಹುಡುಗಿಯ ಹೆಸರು ಬರುತ್ತಿದೆ! ಕೇಳಿದರೆ ‘ನಾನು ಮುಟ್ಟೇ ಇಲ್ಲ ಸರ್’ ಅನ್ನುತ್ತಾಳೆ. ಸರ್ವರ್ ಹ್ಯಾಕ್ ಆಗಿದೆಯಾ? ಉಳಿದ 4 ಅಕೌಂಟ್ ಮುಟ್ಟಲು ಈಗ ಭಯ. ಸ್ನೇಹಿತರೊಬ್ಬರು ‘ಯೂಸರ್‌ಡೆಲ್ ಹೈಫನ್ ಆರ್ ಹೊಡಿ, ಎಲ್ಲ ಕ್ಲೀನ್ ಆಗತ್ತೆ’ ಅನ್ನುತ್ತಾರೆ. ನಮ್ಮ ಅಕೌಂಟೆಂಟ್ ‘ಅಕೌಂಟ್ ತೆಗೆದರೆ ಅವರು ಮಾಡಿದ ಬಿಲ್ ಫೈಲೆಲ್ಲ ಹೋಗ್ತಾವೆ’ ಅಂತ ಹೆದರಿಸುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಭಯದ ಬಗ್ಗೆ. ನೀವು ಹೇಳಿದ್ದು ಹ್ಯಾಕ್ ಆದ ಲಕ್ಷಣ ಅಲ್ಲ. ಆ ಹುಡುಗಿ ನಿಜವನ್ನೇ ಹೇಳಿದ್ದಾರೆ, ಅವರನ್ನು ಮತ್ತೆ ಕೇಳಿ ಮುಜುಗರ ಮಾಡಬೇಡಿ. ಹಾಗಂತ ‘ಏನೋ ಹೆಸರು ತಪ್ಪು ತೋರಿಸ್ತಿದೆ’ ಅಂತ ಬಿಟ್ಟುಬಿಡುವ ವಿಷಯವೂ ಅಲ್ಲ. ಲಿನಕ್ಸ್ ಲೆಕ್ಕದಲ್ಲಿ ಅವರೇ ಈಗ ಆ ಫೋಲ್ಡರಿನ ಓನರ್. ಮನಸ್ಸು ಮಾಡಿದರೆ ಅದರಲ್ಲಿರುವುದನ್ನೆಲ್ಲ ಓದಬಹುದು, ತಿದ್ದಬಹುದು, ಅಳಿಸಬಹುದು. ಹಳೇ ಡಿಸೈನರ್ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡು, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಫೈಲು), ಎಲ್ಲವೂ ಅದರೊಳಗೇ ಇರುತ್ತವೆ.

ಹೀಗಾಗಿದ್ದು ಯಾಕೆ ಅಂದರೆ, ಲಿನಕ್ಸ್ ಫೈಲಿನ ಜೊತೆ ಓನರ್ ಹೆಸರನ್ನು ಬರೆದಿಡುವುದೇ ಇಲ್ಲ. ಬರೀ ಒಂದು ನಂಬರ್ ಬರೆದಿಡುತ್ತದೆ. ಅದಕ್ಕೆ ಯುಐಡಿ ಅನ್ನುತ್ತಾರೆ. ಉಬುಂಟುವಿನಲ್ಲಿ ಮನುಷ್ಯರ ಅಕೌಂಟುಗಳಿಗೆ ಇದು 1000ದಿಂದ ಶುರುವಾಗುತ್ತದೆ. ಯಾವ ನಂಬರ್ ಯಾರದು ಅನ್ನುವ ಪಟ್ಟಿ ಇಟಿಸಿ ಫೋಲ್ಡರಿನ ಪಾಸ್‌ವರ್ಡ್ ಫೈಲಿನಲ್ಲಿರುತ್ತದೆ. ನೀವು ಫೋಲ್ಡರ್ ತೆರೆದಾಗ ಲಿನಕ್ಸ್ ಆ ಪಟ್ಟಿ ನೋಡಿ ಹೆಸರು ತೋರಿಸುತ್ತದೆ, ಅಷ್ಟೇ.

ಹಳೇ ಡಿಸೈನರ್‌ನ ನಂಬರ್ 1004 ಅಂದುಕೊಳ್ಳಿ. ನೀವು ಅಕೌಂಟ್ ತೆಗೆದಾಗ ಪಟ್ಟಿಯಿಂದ ಒಂದು ಸಾಲು ಹೋಯಿತು. ಫೈಲುಗಳ ಮೇಲಿನ 1004 ಹಾಗೇ ಉಳಿಯಿತು. ಆಗ ನೀವು ನೋಡಿದ್ದರೆ ಓನರ್ ಜಾಗದಲ್ಲಿ ಹೆಸರಿನ ಬದಲು ಬರೀ ನಂಬರ್ ಕಾಣುತ್ತಿತ್ತು. ಎರಡು ವಾರ ಬಿಟ್ಟು ನೀವು ಆಡ್‌ಯೂಸರ್ ಕೊಟ್ಟಿರಿ. ಅದು 1000ದಿಂದ ಮೇಲೆ ಹೋಗುತ್ತಾ, ಮೊದಲು ಸಿಕ್ಕ ಖಾಲಿ ನಂಬರನ್ನು ಕೊಡುತ್ತದೆ. ಸಿಕ್ಕಿದ್ದು 1004. ಬಿಟ್ಟುಕೊಟ್ಟ ಮೊಬೈಲ್ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟಾಗ ಹಳಬರ ಬ್ಯಾಂಕ್ ಮೆಸೇಜೆಲ್ಲ ಹೊಸಬರಿಗೆ ಹೋಗುತ್ತದಲ್ಲ, ಇದೂ ಅದೇ ಕಥೆ.

(ಕಮಾಂಡುಗಳನ್ನು ಇಲ್ಲಿ ಉಚ್ಚಾರ ಮಾಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವ ಮುಂಚೆ ಪ್ರತಿಯೊಂದರ ಮ್ಯಾನ್ ಪೇಜ್, ಅಂದರೆ ಕೈಪಿಡಿ, ಒಮ್ಮೆ ತೆರೆದು ನೋಡಿ. ಅಳಿಸುವ ಕೆಲಸದಲ್ಲಿ ನಾನು ಇಂದಿಗೂ ಹಾಗೇ ಮಾಡುತ್ತೇನೆ.)

ಖಾತ್ರಿ ಮಾಡಿಕೊಳ್ಳಲು, ಆ ಹುಡುಗಿಯ ಹೆಸರು ಕೊಟ್ಟು ಐಡಿ ಕಮಾಂಡ್ ಓಡಿಸಿ. ಆಮೇಲೆ ಎಲ್ಲರ ಫೋಲ್ಡರುಗಳೂ ಇರುವ ಮೇಲಿನ ಹೋಮ್ ಫೋಲ್ಡರಿನಲ್ಲಿ ‘ಎಲ್‌ಎಸ್ ಹೈಫನ್ ಎಲ್ ಎನ್’ ಕೊಡಿ. ಎನ್ ಸೇರಿಸಿದರೆ ಹೆಸರಿನ ಬದಲು ನಂಬರ್ ಕಾಣುತ್ತದೆ. ಎರಡೂ ಕಡೆ ಒಂದೇ ನಂಬರ್ ಬಂದರೆ ನಾನು ಹೇಳಿದ್ದೇ ಆಗಿದೆ.

ಸರಿಪಡಿಸುವುದಕ್ಕೆ ಮೊದಲ ಕೆಲಸ, ಹಳೇ ಫೋಲ್ಡರನ್ನು ರೂಟ್ (ಸರ್ವರಿನ ಮುಖ್ಯ ಅಡ್ಮಿನ್ ಅಕೌಂಟ್) ಹೆಸರಿಗೆ ಹಾಕುವುದು. ಚೋನ್ ಕಮಾಂಡಿನಲ್ಲಿ ಓನರ್ ಮತ್ತು ಗ್ರೂಪ್ ಎರಡನ್ನೂ ರೂಟ್ ಮಾಡಿ, ಚ್‌ಮಾಡ್ ಕೊಟ್ಟು ಪರ್ಮಿಶನ್ 700 ಮಾಡಿ, ಅಂದರೆ ಓನರ್ ಬಿಟ್ಟು ಬೇರೆ ಯಾರೂ ಒಳಗೆ ಹೋಗದ ಹಾಗೆ. ಗ್ರೂಪ್ ಯಾಕೆ ಅಂದರೆ, ಉಬುಂಟು ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಒಂದು ಗ್ರೂಪನ್ನೂ ಮಾಡುತ್ತದೆ. ಆ ಗ್ರೂಪಿನ ನಂಬರೂ ಬಹುಶಃ ಹೊಸಬರಿಗೇ ಹೋಗಿದೆ. ಓನರ್ ಒಂದನ್ನೇ ಬದಲಿಸಿದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಎರಡನೆಯದು, ಆ ಹುಡುಗಿಗೆ ಹೊಸ ನಂಬರ್ ಕೊಡಿ. 1050 ಅನ್ನೋಣ. ಅವರು ಪೂರ್ತಿ ಲಾಗೌಟ್ ಆಗಿರಲಿ. ಗ್ರೂಪ್‌ಮಾಡ್ ಕೊಟ್ಟು ಅವರ ಗ್ರೂಪಿನ ನಂಬರನ್ನೂ, ಯೂಸರ್‌ಮಾಡ್ ಹೈಫನ್ ಯು ಕೊಟ್ಟು ಅವರ ನಂಬರನ್ನೂ ಬದಲಿಸಿ. ಅವರ ಹೋಮ್ ಒಳಗಿನ ಫೈಲುಗಳ ಓನರ್ ನಂಬರನ್ನು ಯೂಸರ್‌ಮಾಡ್ ತಾನೇ ಬದಲಿಸುತ್ತದೆ. ಗ್ರೂಪ್ ನಂಬರನ್ನು ಬದಲಿಸುವುದಿಲ್ಲ. ಅದಕ್ಕೆ ಅವರ ಹೋಮ್ ಮೇಲೆ ಒಮ್ಮೆ ಚೋನ್ ಓಡಿಸಿ ಎರಡನ್ನೂ ಅವರದೇ ಮಾಡಿ. ಶೇರ್ಡ್ ಫೋಲ್ಡರಿನಲ್ಲಿ ಅವರು ಈ ಕೆಲವು ದಿನಗಳಲ್ಲಿ ಮಾಡಿದ ಫೈಲುಗಳ ಮೇಲೆ ಮಾತ್ರ ಇನ್ನೂ 1004 ಇರುತ್ತದೆ. ಫೈಂಡ್ ಕಮಾಂಡಿಗೆ ಆ ನಂಬರನ್ನೂ ಅವರು ಸೇರಿದ ತಾರೀಕನ್ನೂ ಕೊಟ್ಟರೆ, ಆಮೇಲೆ ಬದಲಾದವು ಮಾತ್ರ ಸಿಗುತ್ತವೆ. ಒಂದಿಷ್ಟೇ ಇರುತ್ತವೆ, ಕಣ್ಣಲ್ಲಿ ನೋಡಿಯೇ ಅವರ ಹೆಸರಿಗೆ ಹಾಕಬಹುದು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಮುಂದಿನ ಸಲ ಸೇರುವವರಿಗೆ ಮತ್ತೆ 1004 ಹೋಗುತ್ತದೆ. ಅದು ಈಗ ಖಾಲಿ ಇದೆ, ಅಲ್ವಾ? ಅದಕ್ಕೆ ಮೂರನೆಯ ಕೆಲಸ. ಹಳೇ ಡಿಸೈನರ್‌ನ ಅಕೌಂಟನ್ನು ಅದೇ ಹೆಸರಲ್ಲಿ, 1004 ನಂಬರ್ ಕೊಟ್ಟು, ಯೂಸರ್‌ಆಡ್‌ನಿಂದ ಮತ್ತೆ ಮಾಡಿ. ಹೋಮ್ ಬೇಡ, ಪಾಸ್‌ವರ್ಡ್ ಬೇಡ, ಶೆಲ್ ನೋಲಾಗಿನ್ (ಲಾಗಿನ್ ಆಗಲು ಬಿಡದ್ದು) ಇರಲಿ. ಪಾಸ್‌ವರ್ಡ್ ಕೊಡದೆ ಯೂಸರ್‌ಆಡ್‌ನಿಂದ ಮಾಡಿದ ಅಕೌಂಟ್ ಹುಟ್ಟುವಾಗಲೇ ಲಾಕ್ ಆಗಿರುತ್ತದೆ. ತೆಗೆದ ಅಕೌಂಟನ್ನೇ ಮತ್ತೆ ಮಾಡು ಅಂತಾರಲ್ಲ ಇವರು ಅನ್ನಿಸಬಹುದು. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿಟ್ಟ ಹಾಗೆ ಅಂತ ತಿಳಿಯಿರಿ. ಕೂರುವವರು ಯಾರೂ ಇಲ್ಲ, ಬೇರೆಯವರು ಕೂರಬಾರದು, ಅಷ್ಟೇ.

ಇದೇ ಕಾರಣಕ್ಕೆ ಉಳಿದ 4 ಅಕೌಂಟುಗಳ ಬಗ್ಗೆ ನನ್ನ ಸಲಹೆ ನೀವು ಕೇಳಿದ್ದಕ್ಕಿಂತ ಸ್ವಲ್ಪ ಬೇರೆ. ಫೈಲುಗಳನ್ನು ತೆಗೆಯಿರಿ, ಅಕೌಂಟನ್ನು ಲಾಕ್ ಮಾಡಿ ಹಾಗೇ ಬಿಡಿ. ಜಾಗ ತಿನ್ನುತ್ತಿರುವುದು ಹೋಮ್ ಫೋಲ್ಡರುಗಳು. ಅಕೌಂಟ್ ಅನ್ನುವುದು ಒಂದೆರಡು ಫೈಲುಗಳಲ್ಲಿ ಒಂದೊಂದು ಸಾಲು. 14 ಅಕೌಂಟಿನ ಆಫೀಸಿನಲ್ಲಿ ಆ ಸಾಲನ್ನು ಅಳಿಸಿ ಬರುವ ಲಾಭ ನನಗಂತೂ ಕಾಣುವುದಿಲ್ಲ. ಶೇರ್ಡ್ ಫೋಲ್ಡರಿನಲ್ಲಿ ಎರಡು ವರ್ಷದ ಹಿಂದಿನ ಬ್ಯಾನರ್ ಯಾರು ಮಾಡಿದ್ದು ಅಂತ ನೋಡಿದಾಗ ಹೆಸರು ಕಾಣುತ್ತದೆ. ನಂಬರ್ ಬೇರೆಯವರಿಗೆ ಹೋಗುವುದಿಲ್ಲ.

ಈಗ ನಿಮ್ಮ ಅಕೌಂಟೆಂಟರ ಮಾತಿಗೆ ಬರೋಣ. ಅಕೌಂಟ್ ತೆಗೆದರೆ ಶೇರ್ಡ್ ಫೋಲ್ಡರಿನ ಬಿಲ್ಲುಗಳು ಹೋಗುವುದಿಲ್ಲ. ನಿಮ್ಮಲ್ಲೇ ನೋಡಿದಿರಲ್ಲ, ಹೋಮ್ ಫೋಲ್ಡರೇ ಉಳಿದಿದೆ. ಉಬುಂಟುವಿನ ಡೆಲ್‌ಯೂಸರ್, ನೀವಾಗಿ ಹೇಳದೇ ಹೋದರೆ ಒಂದು ಫೈಲನ್ನೂ ಮುಟ್ಟುವುದಿಲ್ಲ. ಆದರೆ ಅವರ ಭಯಕ್ಕೆ ಒಂದು ಆಧಾರವಂತೂ ಇದೆ. ಇದೇ ಡೆಲ್‌ಯೂಸರಿಗೆ ‘ರಿಮೂವ್ ಆಲ್ ಫೈಲ್ಸ್’ ಅನ್ನುವ ಆಯ್ಕೆ ಇದೆ. ಅದು ಇಡೀ ಸಿಸ್ಟಮ್ ಹುಡುಕಿ ಆ ವ್ಯಕ್ತಿಯ ಹೆಸರಲ್ಲಿರುವ ಎಲ್ಲ ಫೈಲನ್ನೂ ತೆಗೆಯುತ್ತದೆ. ಬಿಲ್ಲು, ಬ್ಯಾನರು, ಮದುವೆ ಕಾರ್ಡು ಎಲ್ಲ ಬಂತು. ನೀವು ಈಗ ಇರುವ ಸ್ಥಿತಿಯಲ್ಲಿ 1004ರ ಮೇಲೆ ಇದನ್ನು ಕೊಟ್ಟಿದ್ದರೆ ಹಳೇ ಡಿಸೈನರ್‌ನದರ ಜೊತೆ ಹೊಸ ಹುಡುಗಿಯದೂ ಹೋಗುತ್ತಿತ್ತು. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಸ್ನೇಹಿತರ ‘ಯೂಸರ್‌ಡೆಲ್ ಹೈಫನ್ ಆರ್’ ಅಷ್ಟು ಭಯಂಕರ ಅಲ್ಲ. ಆದರೆ ಅದು ಎಲ್ಲವನ್ನೂ ಕ್ಲೀನ್ ಮಾಡುವುದಿಲ್ಲ. ಹೋಮ್ ಫೋಲ್ಡರು ಮತ್ತು ಆ ವ್ಯಕ್ತಿಯ ಮೇಲ್ ಪೆಟ್ಟಿಗೆ, ಇವೆರಡನ್ನೇ ತೆಗೆಯುವುದು. ಬೇರೆ ಕಡೆ ಇರುವ ಫೈಲು ಉಳಿಯುತ್ತದೆ. ಸೂಡೋ ಪರ್ಮಿಶನ್ ಅವರ ಹೆಸರಲ್ಲಿ ಬರೆದಿದ್ದರೆ ಅದೂ ಉಳಿಯುತ್ತದೆ; ನಾಳೆ ಅದೇ ಹೆಸರಿನವರು ಸೇರಿದರೆ ಅವರಿಗೆ ಅಡ್ಮಿನ್ ಅಧಿಕಾರ ಸುಮ್ನೆ ಸಿಗುತ್ತದೆ. ಇದಕ್ಕಿಂತ ಜಾಸ್ತಿ ಎಡವುವುದು ಎಸ್‌ಎಸ್‌ಎಚ್ ಕೀ ವಿಷಯದಲ್ಲಿ. ಹೋದವರ ಕೀ ಅವರ ಫೋಲ್ಡರಿನಲ್ಲಿ ಮಾತ್ರ ಇರುತ್ತದೆ ಅಂದುಕೊಳ್ಳುತ್ತೇವೆ. ರೂಟ್ ಅಕೌಂಟಿನಲ್ಲೋ, ಎಲ್ಲರೂ ಬಳಸುವ ‘ಅಡ್ಮಿನ್’ ಅಕೌಂಟಿನಲ್ಲೋ ಅವರು ಹಾಕಿಕೊಂಡ ಕೀ ಇದ್ದರೆ, ಅವರ ಅಕೌಂಟನ್ನು ಸುಟ್ಟು ಹಾಕಿದರೂ ಮನೆಯಿಂದ ಲಾಗಿನ್ ಆಗಬಹುದು. ಎಲ್ಲ ಅಕೌಂಟಿನ ಆಥರೈಸ್ಡ್ ಕೀಸ್ ಫೈಲನ್ನೂ ತೆರೆದು ನೋಡಿ.

ಇನ್ನು ಹೈಫನ್ ಎಫ್. ಯಾವುದೋ ಪ್ರೋಗ್ರಾಮ್ ಇನ್ನೂ ಓಡುತ್ತಿದ್ದರೆ ಯೂಸರ್‌ಡೆಲ್ ‘ಈ ಯೂಸರನ್ನು ಇಂಥ ಪ್ರೋಸೆಸ್ ಬಳಸುತ್ತಿದೆ’ ಅಂತ ನಿಂತುಬಿಡುತ್ತದೆ. ಸಿಟ್ಟಿಗೆದ್ದು ಎಫ್ ಸೇರಿಸುವವರನ್ನು ನೋಡಿದ್ದೇನೆ. ಆರ್ ಜೊತೆ ಎಫ್ ಸೇರಿದರೆ, ಆ ಹೋಮ್ ಫೋಲ್ಡರನ್ನು ಬೇರೆಯವರೂ ಬಳಸುತ್ತಿದ್ದಾರಾ ಅಂತಲೂ ನೋಡದೆ ಅಳಿಸುತ್ತದೆ. ತಡೆಯುತ್ತಿರುವುದಕ್ಕೆ ಕಾರಣ ಇದೆ. ಆ ಪ್ರೋಸೆಸ್ ಯಾವುದು ಅಂತ ಮೊದಲು ನೋಡಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೆ. ಬಹಳ ವರ್ಷಗಳ ಹಿಂದೆ ಒಂದು ಆಫೀಸಿನಲ್ಲಿ ಬಿಟ್ಟು ಹೋದ ಅಡ್ಮಿನ್‌ನ ಅಕೌಂಟನ್ನು ಹೋಮ್ ಸಮೇತ ತೆಗೆದೆ. ಕೆಲಸ ಅಚ್ಚುಕಟ್ಟಾಯಿತು ಅಂತ ಚಹಾ ಕುಡಿದು ಬಂದೆ. ಮೂರು ವಾರ ಕಳೆದ ಮೇಲೆ ಡೇಟಾಬೇಸಿನ ಒಂದು ಟೇಬಲ್ ಕೆಟ್ಟಿತು. ಬ್ಯಾಕಪ್ ತೆಗೆದು ನೋಡಿದರೆ ಕೊನೆಯದು ನಾನು ಅಳಿಸಿದ ಹಿಂದಿನ ರಾತ್ರಿಯದು. ದಿನಾ ರಾತ್ರಿ ಬ್ಯಾಕಪ್ ಮಾಡುವ ಸ್ಕ್ರಿಪ್ಟನ್ನು ಆ ಮನುಷ್ಯ ತನ್ನ ಹೋಮ್ ಫೋಲ್ಡರಿನಲ್ಲೇ ಇಟ್ಟಿದ್ದ. ರೂಟ್‌ನ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್) ಅದನ್ನು ಅಲ್ಲಿಂದ ಓಡಿಸುತ್ತಿತ್ತು. ಫೈಲ್ ಸಿಗುತ್ತಿಲ್ಲ ಅಂತ ಕ್ರಾನ್ ದಿನಾ ಮೇಲ್ ಹಾಕುತ್ತಿತ್ತು, ರೂಟ್‌ನ ಪೆಟ್ಟಿಗೆಗೆ. ಅದನ್ನು ಯಾರು ಓದುತ್ತಾರೆ?

ಅವತ್ತಿನಿಂದ ಅಳಿಸುವ ಮುಂಚೆ ಒಂದು ತಿಂಗಳು ಕಾಯುತ್ತೇನೆ. ನಿಮ್ಮ 4 ಅಕೌಂಟಿಗೂ ಅದನ್ನೇ ಮಾಡಿ.

ಮೊದಲ ದಿನ ಬೀಗ. ಬರೀ ಪಾಸ್‌ವರ್ಡ್ ಲಾಕ್ ಮಾಡಿದರೆ ಸಾಲದು. ಯೂಸರ್‌ಮಾಡ್ ಹೈಫನ್ ದೊಡ್ಡ ಎಲ್ ಕೊಟ್ಟಾಗ ಪಾಸ್‌ವರ್ಡಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಕೂರುತ್ತದೆ, ಪಾಸ್‌ವರ್ಡ್ ಹೊಂದುವುದಿಲ್ಲ. ಕೀ ಇದ್ದವರು ಆಗಲೂ ಒಳಗೆ ಬರಬಹುದು. ಅದಕ್ಕೆ ಅಕೌಂಟಿನ ಎಕ್ಸ್‌ಪೈರಿಯನ್ನೂ 1 ಅಂತ ಕೊಡಿ. ಅಂದರೆ 1970ರ ಜನವರಿ 2ಕ್ಕೇ ಮುಗಿದುಹೋಗಿದೆ ಅಂತ ಅರ್ಥ. ಉಬುಂಟುವಿನಲ್ಲಿ ಹೀಗೆ ಮಾಡಿದ ಮೇಲೆ ಆ ಅಕೌಂಟಿನ ಸ್ವಂತ ಕ್ರಾನ್ ಕೆಲಸಗಳೂ ನಿಲ್ಲುತ್ತವೆ. ಸಾಂಬಾ ತನ್ನ ಪಾಸ್‌ವರ್ಡನ್ನು ಬೇರೆಯೇ ಇಟ್ಟುಕೊಳ್ಳುತ್ತದೆ, ಆದ್ದರಿಂದ ಎಸ್‌ಎಂಬಿಪಾಸ್‌ಡಬ್ಲ್ಯುಡಿ ಹೈಫನ್ ಡಿ ಕೊಟ್ಟು ಅಲ್ಲೂ ನಿಲ್ಲಿಸಿ. ಈಗಾಗಲೇ ತೆರೆದಿರುವ ಸೆಶನ್‌ಗೆ ಬೀಗ ತಗಲುವುದಿಲ್ಲ. ಅದಕ್ಕೆ ಲಾಗಿನ್‌ಸಿಟಿಎಲ್‌ನ ಟರ್ಮಿನೇಟ್ ಯೂಸರ್ ಇದೆ.

ಆಮೇಲೆ ಅವರ ಹೋಮ್ ಫೋಲ್ಡರಿನ ಹೆಸರು ಬದಲಿಸಿ. ಕೊನೆಗೆ ‘ಹಳೆಯದು’ ಅಂತ ಏನಾದರೂ ಸೇರಿಸಿದರೂ ಸಾಕು. ಆ ಜಾಗದಿಂದ ಏನನ್ನಾದರೂ ಓಡಿಸುತ್ತಿದ್ದ ಸ್ಕ್ರಿಪ್ಟು, ಶೇರು, ಶಾರ್ಟ್‌ಕಟ್ಟು ಎಲ್ಲ ಒಂದೊಂದಾಗಿ ಕೆಡುತ್ತವೆ. ಯಾರು ಕೂಗುತ್ತಾರೆ ಅಂತ ನೋಡುವುದೇ ಇಲ್ಲಿನ ಉಪಾಯ. ಕೂಗಿದರೆ ಹೆಸರು ವಾಪಸ್ ಹಾಕಿ, ಅಷ್ಟೇ. ನಿಮ್ಮದು ಬಿಲ್ಲಿಂಗ್ ಇರುವ ಜಾಗ, ಹಾಗಾಗಿ ಒಂದು ತಿಂಗಳ ಕೊನೆಯ ಲೆಕ್ಕ ಮುಗಿಯುವ ತನಕವಾದರೂ ಕಾಯಿರಿ. ಆ ಫೋಲ್ಡರಿನ ಹಳೇ ಹೆಸರು ಇಟಿಸಿ ಒಳಗೆ ಎಲ್ಲಾದರೂ ಇದೆಯಾ ಅಂತ ಗ್ರೆಪ್ ಹಾಕಿಯೂ ನೋಡಬಹುದು. ರೂಟ್‌ನ ಕ್ರಾನ್‌ಟ್ಯಾಬ್ ಮಾತ್ರ ಇಟಿಸಿಯಲ್ಲಿ ಇರುವುದಿಲ್ಲ, ಅದನ್ನು ಬೇರೆಯಾಗಿ ತೆರೆಯಬೇಕು. ನಾನು ಬಿದ್ದದ್ದು ಅದೇ ಗುಂಡಿಗೆ.

ಈ ಮಧ್ಯೆ ಬಿಟ್ಟು ಹೋದವರಿಗೆ ಒಂದು ಫೋನ್ ಮಾಡಿ. ‘ನಿಮ್ಮ ಫೋಲ್ಡರ್ ತೆಗೀತಿದ್ದೀವಿ, ಸ್ವಂತದ್ದು ಏನಾದ್ರೂ ಬೇಕಾ?’ ಅಂತ. ಮಗುವಿನ ನಾಮಕರಣದ ಫೋಟೋ ಆಫೀಸ್ ಕಂಪ್ಯೂಟರಿನಲ್ಲೇ ಉಳಿದಿರುವುದು ನೀವು ಅಂದುಕೊಳ್ಳುವುದಕ್ಕಿಂತ ಜಾಸ್ತಿ.

ತಿಂಗಳಾದ ಮೇಲೆ ಆರ್ಕೈವ್. ಟಾರ್ ಮಾಡಿ, ಅಂದರೆ ಇಡೀ ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟಿ, ಹೊರಗಿನ ಡಿಸ್ಕಿಗೆ ಹಾಕಿ. ಸುಮ್ಮನೆ ಕಾಪಿ ಪೇಸ್ಟ್ ಮಾಡಬೇಡಿ. ಹೊರಗಿನ ಡಿಸ್ಕ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನದ್ದಾಗಿದ್ದರೆ ಓನರ್, ಪರ್ಮಿಶನ್ ಎಲ್ಲ ಕಳೆದುಹೋಗುತ್ತವೆ. ಟಾರ್ ಫೈಲಿನ ಒಳಗೆ ಅವು ಭದ್ರವಾಗಿರುತ್ತವೆ. ಮಾಡಿದ ಟಾರ್ ಅನ್ನು ಬೇರೊಂದು ಮೆಷಿನ್‌ನಲ್ಲಿ ಬಿಚ್ಚಿ, ನಾಲ್ಕಾರು ಫೈಲ್ ತೆರೆದು ನೋಡಿ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅನ್ನುವುದಿಲ್ಲ. ಹಳೇ ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಹೋಮ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇತ್ತು, 18.04ರಿಂದ ಅದನ್ನು ಕೈಬಿಟ್ಟರು. ಅಂಥ ಫೋಲ್ಡರ್ ಯಾವುದಾದರೂ ಇದ್ದರೆ ಅವರ ಪಾಸ್‌ವರ್ಡ್ ಇಲ್ಲದೆ ಬ್ಯಾಕಪ್ ತೆಗೆದೂ ಪ್ರಯೋಜನವಿಲ್ಲ, ಬರೀ ಕಲಸುಮೇಲೋಗರ ಸಿಗುತ್ತದೆ. ಆ ಫೋನ್ ಮಾಡಲು ಇದೂ ಒಂದು ಕಾರಣ.

ಕೊನೆಗೆ ಅಳಿಸುವುದು. ಅದಕ್ಕೂ ಮುಂಚೆ ಫೈಂಡ್‌ಎಂಎನ್‌ಟಿ ಓಡಿಸಿ, ಆ ಫೋಲ್ಡರಿನ ಒಳಗೆ ಬೇರೆ ಡಿಸ್ಕೋ ನೆಟ್‌ವರ್ಕ್ ಶೇರೋ ಮೌಂಟ್ ಆಗಿದೆಯಾ, ಅಂದರೆ ಜೋಡಿಸಿಕೊಂಡಿದೆಯಾ ನೋಡಿ. ಇದ್ದರೆ ಬಿಡಿಸಿ. ಇಲ್ಲದಿದ್ದರೆ ಅಳಿಸುವ ಕಮಾಂಡ್ ಅದರೊಳಗೂ ಇಳಿದು ಗುಡಿಸುತ್ತದೆ. ಆರ್‌ಎಂ ಹೊಡೆಯುವಾಗ ದಾರಿಯನ್ನು ಟ್ಯಾಬ್ ಒತ್ತಿ ತುಂಬಿಸಿ, ಕೈಯಲ್ಲಿ ಟೈಪ್ ಮಾಡಬೇಡಿ. ಒಂದು ಸ್ಪೇಸ್ ಸಾಕು ಕೆಡಿಸಲು. 2011ರಲ್ಲಿ ಬಂಬಲ್‌ಬಿ ಅನ್ನುವ ಗ್ರಾಫಿಕ್ಸ್ ಸಾಫ್ಟ್‌ವೇರಿನ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಯುಎಸ್‌ಆರ್ ಆದ ಮೇಲೆ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದಿತ್ತು. ಒಳಗಿನ ಒಂದು ಸಣ್ಣ ಫೋಲ್ಡರ್ ಅಳಿಸಬೇಕಿದ್ದ ಸಾಲು ಇಡೀ ಯುಎಸ್‌ಆರ್ ಫೋಲ್ಡರನ್ನೇ ಅಳಿಸಿತು. ಎಸ್‌ಎಸ್‌ಡಿ ಇದ್ದರೆ ಅಳಿಸಿದ್ದನ್ನು ವಾಪಸ್ ತರುವ ಆಸೆ ಇಟ್ಟುಕೊಳ್ಳಬೇಡಿ.

ಇಲ್ಲ, ಅಕೌಂಟನ್ನೂ ತೆಗೆಯಲೇಬೇಕು ಅನ್ನುವ ಸಂದರ್ಭ ಇರುತ್ತದೆ. ಮನೆ ಲ್ಯಾಪ್‌ಟಾಪ್ ಮಾರುವಾಗ, ಕಾಲೇಜ್ ಲ್ಯಾಬಿನಲ್ಲಿ ವರ್ಷಕ್ಕೆ ನೂರಾರು ಜನ ಬಂದು ಹೋಗುವಾಗ. ಆಗ ಈ ಎಲ್ಲ ಮಾಡಿ, ಸಾಂಬಾ ಪಟ್ಟಿಯಿಂದ ಮೊದಲು ತೆಗೆದು, ಆಮೇಲೆ ಯೂಸರ್‌ಡೆಲ್ ಕೊಡಿ. ಅದಕ್ಕೂ ಮುಂಚೆ ಅವರ ಯುಐಡಿಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಅಕೌಂಟ್ ಹೋದ ಮೇಲೆ ಫೈಂಡ್‌ಗೆ ‘ಹೈಫನ್ ನೋಯೂಸರ್’ ಕೊಟ್ಟರೆ ವಾರಸುದಾರರಿಲ್ಲದ ಫೈಲೆಲ್ಲ ಸಿಗುತ್ತವೆ. ಅವನ್ನು ಬೇರೆಯವರ ಹೆಸರಿಗೆ ಹಾಕುವಾಗ ಚೋನ್ ಜೊತೆ ಹೈಫನ್ ಸಣ್ಣ ಎಚ್ ಮರೆಯಬೇಡಿ. ಹೋದವರು ಮಾಡಿದ ಸಿಂಬಾಲಿಕ್ ಲಿಂಕ್ (ಶಾರ್ಟ್‌ಕಟ್ಟಿನಂಥದ್ದು) ಒಂದು ಸಿಸ್ಟಮ್ ಫೈಲಿಗೆ ಬೊಟ್ಟು ಮಾಡುತ್ತಿದ್ದರೆ, ಎಚ್ ಇಲ್ಲದ ಚೋನ್ ಆ ಸಿಸ್ಟಮ್ ಫೈಲಿನ ಓನರನ್ನೇ ಬದಲಿಸಿಬಿಡುತ್ತದೆ.

ಬಿಟ್ಟು ಹೋದ 4 ಜನರಲ್ಲಿ ಈ ಸರ್ವರನ್ನು ಮೊದಲು ಕಟ್ಟಿಕೊಟ್ಟವರು ಯಾರಾದರೂ ಇದ್ದಾರಾ? ಇದ್ದರೆ ಅವರದನ್ನು ಕೊನೆಗೆ ಇಟ್ಟುಕೊಳ್ಳಿ. ಉಬುಂಟುವಿನಲ್ಲಿ ರೂಟ್‌ಗೆ ಪಾಸ್‌ವರ್ಡ್ ಇರುವುದಿಲ್ಲ. ಸೂಡೋ ಇರುವ ಒಂದೇ ಅಕೌಂಟ್ ಅವರದಾಗಿದ್ದರೆ, ಅದಕ್ಕೆ ಬೀಗ ಹಾಕಿದ ದಿನ ನೀವೇ ಹೊರಗೆ ನಿಲ್ಲುತ್ತೀರಿ. ನಿಮ್ಮ ಸ್ವಂತ ಅಕೌಂಟಿನಿಂದ ಸೂಡೋ ಕೊಟ್ಟು ನೋಡಿ, ಕೆಲಸ ಮಾಡಿದರೆ ಮಾತ್ರ ಮುಂದುವರಿಯಿರಿ.

ಇನ್ನು ಆ ಶೇ. 92. ಇವತ್ತೇ ಜಾಗ ಬೇಕಾದರೆ ಡಿಯು ಕೊಟ್ಟು ಹೋಮ್ ಒಳಗೆ ಯಾವ ಫೋಲ್ಡರ್ ಎಷ್ಟು ದಪ್ಪ ಇದೆ ನೋಡಿ. ನನ್ನ ಅನುಭವದಲ್ಲಿ ಕ್ಯಾಶ್ ಫೋಲ್ಡರು ಮತ್ತು ಯಾರೂ ಖಾಲಿ ಮಾಡದ ಟ್ರ್ಯಾಶ್ ಇವೆರಡೇ ಬಹಳ ಜಾಗ ತಿಂದಿರುತ್ತವೆ. ನಿಮ್ಮಂಥ ಡಿಸೈನ್ ಆಫೀಸಿನಲ್ಲಂತೂ ಟ್ರ್ಯಾಶಿನಲ್ಲಿ ಹಳೇ ಫ್ಲೆಕ್ಸುಗಳ ರಾಶಿಯೇ ಸಿಗಬಹುದು. ಅಳಿಸಿದ ಮೇಲೂ, ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ ಅದೇ 92 ತೋರಿಸಿದರೆ ಗಾಬರಿಯಾಗಬೇಡಿ. ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮ್ ಇನ್ನೂ ತೆರೆದಿಟ್ಟುಕೊಂಡಿರಬಹುದು. ‘ಎಲ್‌ಎಸ್‌ಒಎಫ್ ಪ್ಲಸ್ ದೊಡ್ಡ ಎಲ್ ಒಂದು’ ಕೊಟ್ಟರೆ ಅದರ ಹೆಸರು ಬರುತ್ತದೆ. ಅದನ್ನು ರಿಸ್ಟಾರ್ಟ್ ಮಾಡಿ, ಮತ್ತೆ ಡಿಎಫ್ ನೋಡಿ.